ಮಿಸ್ತ್ರಿಯ ಎಡಗೈ

“ಗುರುಗಳ, ರೊಕ್ಕ ಇರೂದು ಒಂದ ಸಲಕ್ಕ ಆಗೂವಷ್ಟು. ತಪ್ಪಿ ಹಾಳ ಆಂಪ್ಲಿಫಾಯರ್ ತಗೊಂಡ್ರ ನನ್ನ ಗತಿ ಏನ್ರಿ?”

ಹೀಗೆ ಕೇಳಿದವಳು ದಾನೇಶ್ವರಿ. ಹುಬ್ಬಳ್ಳಿಯ ಹಾಲಪ್ಪ ಮಾಸ್ತರರಲ್ಲಿ ಆರು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಳು. ಒಂದು ವಾದ್ಯವೃಂದದವರು ಅವಳನ್ನು ಕರೆದಿದ್ದರು. ಸ್ವಂತದ ವಾಲ್ವ್ ಆಂಪ್ಲಿಫಾಯರ್ ಇರಬೇಕು, ಶುಕ್ರವಾರದೊಳಗೆ ಉತ್ತರ ಹೇಳಬೇಕು ಎಂದಿದ್ದರು. ನಾಲ್ಕು ತಿಂಗಳಿನಿಂದ ಅವಳು ಅಂಗಡಿ ಅಂಗಡಿ ಅಲೆದಿದ್ದಳು, ಕಂಡಕಂಡವರನ್ನು ಕೇಳಿದ್ದಳು, ಒಂದನ್ನೂ ಕೊಂಡಿರಲಿಲ್ಲ. ಈಗೀಗ ಅವಳಿಗೆ ಊಟವೂ ಸೇರುತ್ತಿರಲಿಲ್ಲ.

ಯಾವುದನ್ನು ಕೊಳ್ಳಬೇಕೆಂದು ಮಾಸ್ತರರು ಹೇಳಲಿಲ್ಲ. ಗಿಟಾರನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವನಿದ್ದ. ಹಗಲು ಜನರ ಜೋಳ, ಗೋಧಿ ಬೀಸಿ ಕೊಡುತ್ತಿದ್ದ. ವಾರಕ್ಕೊಂದು ಸಂಜೆ ಊರಿನ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ. ನುಡಿಸುತ್ತಿದ್ದ ಎಂದರೆ, ಅವನು ನುಡಿಸುವುದು ಜನರಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವನ ಗಿಟಾರಿನ ವೈರನ್ನೂ ಕೀಬೋರ್ಡಿನ ವೈರನ್ನೂ ಒಂದೇ ಆಂಪ್ಲಿಫಾಯರ್ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದರು. ಕೀಬೋರ್ಡಿನವನು ಜೋರಿನ ಆಸಾಮಿ. ಅವನ ಸದ್ದಿನ ಕೆಳಗೆ ಗಿರಣಿಯವನು ಸುಖವಾಗಿ ಅಡಗಿಕೊಂಡಿದ್ದ.

ಅಡಗುವುದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಮದುವೆಯ ಚಪ್ಪರದಲ್ಲಿ ಅವನ ಬೆರಳು ತಪ್ಪಿತ್ತು. ಹಾಡುತ್ತಿದ್ದವನು ಹಾಡು ನಿಲ್ಲಿಸದೆ ತಿರುಗಿ ಒಮ್ಮೆ ನೋಡಿದ. ಬೈಯಲಿಲ್ಲ, ನಗಲಿಲ್ಲ, ಬರೀ ನೋಡಿದ. ಆ ಹಾಡುಗಾರ ಮರುದಿನವೇ ಅದನ್ನು ಮರೆತಿರಬೇಕು. ಗಿರಣಿಯವನು ಮಾತ್ರ ಮರೆಯಲಿಲ್ಲ. ಅಂದಿನಿಂದ ಅವನು ಅಭ್ಯಾಸಕ್ಕೂ ಗಿರಣಿಯನ್ನೇ ಹಿಡಿದ. ಮೇಲಿನ ಡಬ್ಬಕ್ಕೆ ಜೋಳ ಸುರಿದು, ಮೋಟಾರಿನ ಪಟ್ಟಿ ಗಿರ್‍ರನೆ ಸುತ್ತತೊಡಗಿದ ಮೇಲೆ, ಚೀಲದ ಮೇಲೆ ಕುಳಿತು ತನ್ನ ಹಳೆಯ ಗಿಟಾರನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಆ ಗದ್ದಲದಲ್ಲಿ ಅವನು ಬಾರಿಸಿದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವನ ಕಿವಿಗೂ ಬೀಳುತ್ತಿರಲಿಲ್ಲ. ಬೆರಳಿಗೆ ಮಾತ್ರ ತಿಳಿಯುತ್ತಿತ್ತು.

ಒಂದು ದಿನ ವಾದ್ಯವೃಂದದ ಮಾಲಕ ಅವನನ್ನು ಕರೆದ. ಈಗ ಜನ ಹಳೆಯ ಹಾಡುಗಳನ್ನು ಕೇಳುತ್ತಾರೆ, ಆ ಹಾಡುಗಳಿಗೆ ಗಿಟಾರೇ ಜೀವ, ಆ ನಾದ ವಾಲ್ವಿನ ಪೆಟ್ಟಿಗೆಯಲ್ಲಿ ಬಿಟ್ಟರೆ ಬೇರೆಯದರಲ್ಲಿ ಬರುವುದಿಲ್ಲ ಎಂದ. ದಸರೆಗೆ ಮುಂಚಿನ ಶನಿವಾರದೊಳಗೆ ನಿನ್ನದೇ ಒಂದು ವಾಲ್ವ್ ಆಂಪ್ಲಿ ತಂದಿಡು, ಇಲ್ಲವಾದರೆ ನಾನು ಬೇರೆಯವನನ್ನು ನೋಡಿಕೊಳ್ಳಬೇಕಾಗುತ್ತದೆ ಎಂದ. ಕೆಟ್ಟ ಮನುಷ್ಯನೇನಲ್ಲ. ಸುಮಾರು ಎರಡು ತಿಂಗಳ ಅವಧಿ ಕೊಟ್ಟಿದ್ದ.

ವಾದ್ಯವೃಂದದ ಆ ಕುರ್ಚಿ ಹೋದರೆ ಗಿರಣಿಯವನಿಗೆ ಉಳಿಯುವುದು ಹಿಟ್ಟು ಮಾತ್ರ. ವಾರವಿಡೀ ಮೈಮೇಲೆ ಹಿಟ್ಟು ಬಿದ್ದ ಮನುಷ್ಯ ಆ ಒಂದು ಸಂಜೆಗಾಗಿ ತಲೆ ತೊಳೆದುಕೊಳ್ಳುತ್ತಿದ್ದ. ಹಣ ಕೂಡಿಟ್ಟಿದ್ದ, ಆದರೆ ಒಂದೇ ಪೆಟ್ಟಿಗೆಗೆ ಆಗುವಷ್ಟು. ತಪ್ಪಿದರೆ ಮತ್ತೆ ಕೂಡಿಸಲು ವರ್ಷಗಳೇ ಬೇಕು.

ಊರಿನ ಹಳೆಯ ಟಾಕೀಸಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮಿಸ್ತ್ರಿ ಇದ್ದ. ವಾಲ್ವಿನ ರೇಡಿಯೊ, ಟಾಕೀಸಿನ ಆಂಪ್ಲಿ, ಭಜನಾಮಂಡಳಿಯ ಮೈಕಿನ ಪೆಟ್ಟಿಗೆ, ಎಲ್ಲವೂ ಅವನ ಕೈಯಲ್ಲೇ ಜೀವ ಪಡೆಯುತ್ತಿದ್ದವು. ಸೋಮವಾರ ಗಿರಣಿಗೆ ರಜೆ. ಗಿರಣಿಯವನು ಗಿಟಾರನ್ನು ಚಾದರದಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದ.

ಮಿಸ್ತ್ರಿ ಒಂದು ಪೆಟ್ಟಿಗೆಯ ಬಾಯಿ ತೆರೆದು ಕೆಲಸ ಮಾಡುತ್ತಿದ್ದ. ಒಳಗೆ ವಾಲ್ವುಗಳ ಗಾಜಿನ ಬುರುಡೆಗಳು ಕೆಂಪಗೆ ಉರಿಯುತ್ತಿದ್ದವು. ಮಿಸ್ತ್ರಿ ಹಲಗೆಯ ಮೇಲೆ ನಿಂತಿದ್ದ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದಿದ್ದ. ಎಡಗೈ ಬೆನ್ನ ಹಿಂದೆ ಇತ್ತು. ಮಾತಾಡುವಾಗಲೂ ಅದು ಮುಂದೆ ಬರಲಿಲ್ಲ, ಬೆವರು ಒರೆಸಿಕೊಳ್ಳುವಾಗಲೂ ಬರಲಿಲ್ಲ. ಪಾಪ, ಲಕ್ವಾ ಹೊಡೆದಿರಬೇಕು ಎಂದುಕೊಂಡ ಗಿರಣಿಯವನು. ಮರುಕ್ಷಣವೇ ಬೇರೊಂದು ಯೋಚನೆ ಬಂತು. ಇದು ಲಕ್ವಾ ಅಲ್ಲ. ಈ ಪೆಟ್ಟಿಗೆಯೇ ಇವನ ಕೈಯನ್ನು ತಿಂದಿದೆ.

ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅವನು ಕೇಳಲಿಲ್ಲ. ಹೆದರಿದವನು ಪ್ರಶ್ನೆ ಕೇಳುವುದಕ್ಕೂ ಹೆದರುತ್ತಾನೆ, ತಾನು ಊಹಿಸಿದ್ದೇ ನಿಜವಾಗಿಬಿಟ್ಟರೆ ಎಂದು.

ಅವನ ಹಣಕ್ಕೆ ನಿಲುಕುವಂಥವು ಅಂಗಡಿಯಲ್ಲಿ ಎರಡಿದ್ದವು. ಒಂದು ದೊಡ್ಡದು. ಇಬ್ಬರು ಎತ್ತಬೇಕು. ನಾಲ್ಕು ದೊಡ್ಡ ವಾಲ್ವು. ಹಳೆಯದಾದ್ದರಿಂದ ಅಗ್ಗಕ್ಕಿತ್ತು, ಆದರೂ ಅದನ್ನು ಕೊಂಡರೆ ಕೈಯಲ್ಲಿ ಚಿಕ್ಕಾಸೂ ಉಳಿಯುತ್ತಿರಲಿಲ್ಲ, ನಾಳೆ ಒಂದು ವಾಲ್ವು ಸುಟ್ಟರೆ ಹೊಸದನ್ನು ಹಾಕಲೂ ಗತಿಯಿಲ್ಲ. ಇನ್ನೊಂದು ಚಿಕ್ಕದು. ಕಂಕುಳಲ್ಲಿ ಹಿಡಿದುಕೊಂಡು ಹೋಗುವಂಥದು. ಸ್ಪೀಕರಿಗೆ ಸದ್ದು ಕಳಿಸುವುದಕ್ಕೆ ಒಂದೇ ವಾಲ್ವು. ಅದನ್ನು ಕೊಂಡರೆ ಬಿಡಿ ವಾಲ್ವಿಗೆ, ಹೊಸ ಸ್ಪೀಕರಿಗೆ ಹಣ ಮಿಗುತ್ತಿತ್ತು.

“ಸಣ್ಣದು ತಗೋರಿ,” ಎಂದ ಮಿಸ್ತ್ರಿ. “ವಾಲ್ವ್ ಅನ್ನೂದು ಪೂರಾ ಏರಿಸಿದಾಗಷ್ಟ ಹಾಡತೈತಿ. ಹಂಚು ಕಾಯದ ರೊಟ್ಟಿ ಉಬ್ಬತೈತೇನ್ರಿ? ದೊಡ್ಡದನ್ನ ಪೂರಾ ಏರಿಸಿದ್ರ ಚಪ್ಪರ ಹಾರಿ ಹೋಕ್ಕೈತಿ, ಅದಕ್ಕ ಯಾರೂ ಏರಸೂದಿಲ್ಲ. ಸಣ್ಣದನ್ನ ಪೂರಾ ಏರಸ್ರಿ, ಮುಂದೊಂದು ಮೈಕ್ ಇಡ್ರಿ. ಊರಿಗೆಲ್ಲಾ ಕೇಳತೈತಿ.”

ಊರಿಗೆಲ್ಲಾ ಕೇಳುತ್ತದೆ ಎಂಬ ಮಾತಿಗೇ ಗಿರಣಿಯವನು ಒಂದು ಹೆಜ್ಜೆ ಹಿಂದೆ ಸರಿದ.

ಅವನು ಎರಡನ್ನೂ ನುಡಿಸಿ ನೋಡಿದ. ನೋಡಿದ್ದು ಹೇಗೆ? ಸದ್ದು ಏರಿಳಿಸುವ ದುಂಡು ಗುಬ್ಬಿಯನ್ನು ಹತ್ತರಲ್ಲಿ ಒಂದಕ್ಕೆ ತಿರುಗಿಸಿ, ಅದನ್ನೂ ಕರವಸ್ತ್ರ ಸುತ್ತಿದ ಬೆರಳಿನಿಂದ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ. ದೊಡ್ಡದು ಮಂಕಾಗಿ ಗೊಣಗಿತು. ಚಿಕ್ಕದೂ ಮಂಕಾಗಿ ಗೊಣಗಿತು. ಎರಡರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ವಿಚಾರ ಮಾಡಿ ಬರುತ್ತೇನೆ ಎಂದು ಹೇಳಿ ಹೊರಟ.

ವಿಚಾರ ಮಾಡುವವನಿಗೆ ಊರು ನೆರವಾಯಿತು. ಊರಿನಲ್ಲಿ ಮಳೆಗೆ ಬರ ಬಂದೀತು, ಸಲಹೆಗೆ ಎಂದೂ ಬಂದಿಲ್ಲ. ಚಿಕ್ಕದು ಡ್ರಮ್ಮಿನ ಮುಂದೆ ಇರುವೆ ಕೂಗಿದಂತೆ ಎಂದ ಒಬ್ಬ. ದೊಡ್ಡದನ್ನು ಟೆಂಪೊದಲ್ಲಿ ಹೇರಿದರೆ ಮೊದಲ ಗುಂಡಿಗೇ ಗಾಜು ಪುಡಿ ಎಂದ ಇನ್ನೊಬ್ಬ. ನಮ್ಮ ಊರಿನ ಕರೆಂಟು ಏರಿಳಿಯುವುದಕ್ಕೆ ವಾಲ್ವು ಒಂದು ತಿಂಗಳೂ ಬಾಳದು ಎಂದ ಮತ್ತೊಬ್ಬ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಕೂತಿರುತ್ತದೆ, ಮುಟ್ಟಿದವನನ್ನು ಬಿಡುವುದಿಲ್ಲ ಎಂದು ಕ್ಷೌರದಂಗಡಿಯಲ್ಲಿ ಯಾರೋ ಹೇಳಿದರು. ಅಂಜುವವನ ಮೇಲೆ ಕಪ್ಪೆ ಎಸೆದಂತಾಯಿತು. ಗಿರಣಿಯವನು ತಾನೂ ಒಂದು ಮಾತು ಸೇರಿಸಿದ: ಹೌದು, ಆ ಮಿಸ್ತ್ರಿಯ ಎಡಗೈ ಹೋದದ್ದೂ ಅದರಿಂದಲೇ. ನಾಲ್ಕು ದಿನದಲ್ಲಿ ಆ ಮಾತು ಊರನ್ನು ಸುತ್ತಿ ಬೇರೆಯವರ ಬಾಯಿಂದ ಅವನಿಗೇ ವಾಪಸು ಬಂತು. ಊರೇ ಹೇಳುತ್ತಿದೆ, ಸುಳ್ಳಿರಲಾರದು ಎಂದು ಅವನು ಮತ್ತಷ್ಟು ಹೆದರಿದ.

ಎರಡನೆಯ ಸೋಮವಾರ ಹೋದ. ಮೂರನೆಯ ಸೋಮವಾರ ಹೋದ. ಹೋದಾಗಲೆಲ್ಲ ಯಾವುದೋ ಪೆಟ್ಟಿಗೆ ಬಾಯಿ ತೆರೆದು ಕುಳಿತಿರುತ್ತಿತ್ತು, ಮಿಸ್ತ್ರಿಯ ಎಡಗೈ ಬೆನ್ನ ಹಿಂದೆ ಇರುತ್ತಿತ್ತು. ಗಿರಣಿಯವನ ಕಣ್ಣು ಆಂಪ್ಲಿಗಿಂತ ಹೆಚ್ಚಾಗಿ ಆ ಕೈಯ ಮೇಲೆಯೇ ಇರುತ್ತಿತ್ತು. ಒಂದು ವಾರ ದೊಡ್ಡದೇ ಸರಿ ಎಂದು ಮನೆಯಿಂದ ಹೊರಟು, ಗಲ್ಲಿ ಮುಟ್ಟುವಷ್ಟರಲ್ಲಿ ಚಿಕ್ಕದು ಎನ್ನುತ್ತಿದ್ದ. ಇನ್ನೊಂದು ವಾರ ಚಿಕ್ಕದು ಎಂದು ಹೊರಟು ಬಾಗಿಲಲ್ಲಿ ದೊಡ್ಡದನ್ನು ನೋಡಿ ನಿಂತುಬಿಡುತ್ತಿದ್ದ. ಹಣದ ಗಂಟು ಬನಿಯನ್ನಿನ ಕಿಸೆಯಲ್ಲಿ ಎದೆಗೆ ಒತ್ತಿಕೊಂಡೇ ಇರುತ್ತಿತ್ತು. ಅದು ಇದ್ದಷ್ಟು ದಿನ ತಾನು ತಪ್ಪು ಮಾಡಿಲ್ಲ ಎಂಬುದೊಂದೇ ಅವನಿಗೆ ಸಮಾಧಾನ.

ಎಂಟನೆಯ ಸೋಮವಾರ ಬಂತು. ಅದೇ ಕೊನೆಯದು. ಅಂದು ಅಂಗಡಿಯಲ್ಲಿ ರೇಡಿಯೊ ರಿಪೇರಿಗೆ ಬಂದ ಮೂವರು ಕುಳಿತಿದ್ದರು. ಗಿರಣಿಯವನು ಎಂದಿನಂತೆ ಗೋಡೆಯ ಕಡೆ ತಿರುಗಿ ಚಿಕ್ಕ ಪೆಟ್ಟಿಗೆಯ ಗುಬ್ಬಿಯನ್ನು ಒಂದಕ್ಕೆ ತಿರುಗಿಸಿದ.

ಮಿಸ್ತ್ರಿ ತೆರೆದ ಪೆಟ್ಟಿಗೆಯಿಂದ ತಲೆ ಎತ್ತಿದ. “ಎಂಟ ವಾರಾತು, ನೀವು ಒಂದರ ಮ್ಯಾಲ ಏರಿಸಿಲ್ಲ,” ಎಂದ. “ಹಿಂಗ ಬಾರಿಸಿದ್ರ ಏನ್ ತಿಳೀತೈತ್ರಿ? ಇವತ್ತ ಪೂರಾ ಏರಸ್ರಿ. ಏರಿಸಿ ಒಂದ ಸಲ ಹೊಡೀರಿ. ಆಮ್ಯಾಲ ಬ್ಯಾಡ ಅಂದ್ರ ಬ್ಯಾಡ.”

ಗಿರಣಿಯವನು ಎರಡಕ್ಕೆ ತಿರುಗಿಸಿದ. ಪೆಟ್ಟಿಗೆ ಉಸಿರೆಳೆದಂತೆ ಸುಂಯ್ ಎಂದಿತು. ಕುಳಿತಿದ್ದ ಮೂವರು ಅವನ ಕಡೆ ನೋಡಿದರು.

“ಇನ್ನ,” ಎಂದ ಮಿಸ್ತ್ರಿ.

ಮೂರಕ್ಕೆ ತಿರುಗಿಸಿದ. ಬೆರಳು ತಂತಿಗೆ ಸುಮ್ಮನೆ ತಾಗಿದ್ದೇ ಅಂಗಡಿಯ ತುಂಬ ಕೇಳಿಸಿತು. ಬೆರಳಿನ ನಡುಕವೂ ಕೇಳಿಸಿತು. ಈ ಪೆಟ್ಟಿಗೆ ಯಾವುದನ್ನೂ ಮುಚ್ಚುವುದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಮೂವರ ಕಣ್ಣಿನಲ್ಲೂ ಹನ್ನೊಂದು ವರ್ಷದ ಹಿಂದಿನ ಆ ಒಂದು ನೋಟವೇ ಕಂಡಿತು. ಅವನು ಗುಬ್ಬಿಯನ್ನು ಸೊನ್ನೆಗೆ ತಂದ. ಇವತ್ತು ಕರೆಂಟು ಸರಿಯಿಲ್ಲ, ಶನಿವಾರ ಬರುತ್ತೇನೆ ಎಂದು ಹೇಳಿ, ಗಿಟಾರಿಗೆ ಚಾದರವನ್ನೂ ಸುತ್ತದೆ ನಡೆದುಬಿಟ್ಟ. ಕರೆಂಟು ಸರಿಯಾಗಿಯೇ ಇತ್ತು.

ಶನಿವಾರ ಹಬ್ಬಕ್ಕೆ ಮುಂಚಿನ ಬೀಸುವ ಭರಾಟೆ. ಗಿರಣಿಯ ಮುಂದೆ ಡಬ್ಬಿಗಳ ಸಾಲು. ಹತ್ತು ಹದಿನೈದು ಹೆಂಗಸರು ಕಟ್ಟೆಯ ಮೇಲೆ ಕುಳಿತಿದ್ದರು. ಗಿರಣಿಯವನು ಜೋಳ ಸುರಿದು, ಪಟ್ಟಿ ಓಡತೊಡಗಿದ ಮೇಲೆ ಗಿಟಾರ್ ತೆಗೆದುಕೊಂಡ. ಎದೆಯ ಭಾರ ಇಳಿಸಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ಮದುವೆಯ ಚಪ್ಪರದಲ್ಲಿ ಕೆಟ್ಟ ಅದೇ ಹಾಡನ್ನು ಬಾರಿಸತೊಡಗಿದ. ಗಿರಣಿಯ ಗದ್ದಲದೊಳಗೆ ಅದನ್ನು ಅವನು ಸಾವಿರ ಸಲ ಬಾರಿಸಿದ್ದ.

ಹಾಡಿನ ನಡುವೆ ಕರೆಂಟು ಹೋಯಿತು.

ಪಟ್ಟಿ ನಿಂತಿತು, ಕಲ್ಲು ನಿಂತಿತು, ಸದ್ದು ನಿಂತಿತು. ಬೆರಳುಗಳಿಗೆ ಅದು ತಿಳಿಯಲಿಲ್ಲ. ಅವು ನಾಲ್ಕೈದು ಸ್ವರ ಮುಂದೆ ಹೋದವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಿರಣಿಯವನು ತಾನು ನುಡಿಸುವ ಹಾಡನ್ನು ತಾನು ಕೇಳಿದ. ಯಾರೋ ಬೇರೆಯವರು ನುಡಿಸುತ್ತಿದ್ದಾರೆ ಎನಿಸಿತು. ಚೆನ್ನಾಗಿ ನುಡಿಸುತ್ತಿದ್ದಾರೆ ಎಂದೂ ಎನಿಸಿತು. ಆಮೇಲೆ ಅದು ತನ್ನದೇ ಎಂದು ಹೊಳೆದು, ಕೈ ಗಕ್ಕನೆ ನಿಂತಿತು. ಕಣ್ಣು ತೆರೆದ. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು.

ಕಟ್ಟೆಯ ತುದಿಯಲ್ಲಿದ್ದ ಮುದುಕಿಯೊಬ್ಬಳು, “ನಿಲ್ಲಸಬ್ಯಾಡೋ ತಮ್ಮಾ, ಬಾರ್ಸು,” ಎಂದಳು.

ಅವನು ಬಾರಿಸಿದ. ಒಂದು ಕಡೆ ಬೆರಳು ತಪ್ಪಿತು. ಯಾರೂ ಎದ್ದು ಹೋಗಲಿಲ್ಲ. ಮುದುಕಿ ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಲೇ ಇದ್ದಳು. ಹಾಡು ಮುಗಿದಾಗ ಗಿರಣಿಯವನಿಗೆ ಅಳು ಬಂತು. ಹಿಟ್ಟು ಬಿತ್ತು ಎಂದು ಕಣ್ಣು ಒರೆಸಿಕೊಂಡ. ಎದೆಯ ಮೇಲಿನ ಹಣದ ಗಂಟನ್ನು ಮುಟ್ಟಿ ನೋಡಿದ. ಶನಿವಾರ ಇನ್ನೂ ಮುಗಿದಿರಲಿಲ್ಲ. ಕರೆಂಟು ಬಂದರೆ ಬೀಸಿಕೊಳ್ಳಿ ಎಂದು ಹೆಂಗಸರಿಗೇ ಗಿರಣಿ ಒಪ್ಪಿಸಿ ಓಡಿದ.

ದಾರಿಯುದ್ದಕ್ಕೂ ಅವನು ಹೆದರಿಕೊಂಡೇ ಓಡಿದ. ಆದರೆ ಆ ಹೆದರಿಕೆ ಬೇರೆ. ಇಷ್ಟು ದಿನ ಕೊಂಡರೆ ಏನಾದೀತು ಎಂದಿದ್ದವನು, ಈಗ ಸಿಗದಿದ್ದರೆ ಎಂದು ಹೆದರಿದ್ದ.

ಮಿಸ್ತ್ರಿಯ ಮೇಜಿನ ಮೇಲೆ ಅಂದು ತೆರೆದ ಪೆಟ್ಟಿಗೆ ಯಾವುದೂ ಇರಲಿಲ್ಲ. ಕರೆಂಟು ಇರಲಿಲ್ಲವಲ್ಲ. ಮಿಸ್ತ್ರಿ ನೆಲದ ಮೇಲೆ ಕುಳಿತು ಚಿಕ್ಕ ಆಂಪ್ಲಿಯನ್ನು ಗೋಣಿತಟ್ಟಿನಲ್ಲಿ ಸುತ್ತುತ್ತಿದ್ದ. ಹಗ್ಗದ ಒಂದು ತುದಿಯನ್ನು ಬಲಗೈಯಲ್ಲಿ ಹಿಡಿದಿದ್ದ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಯುತ್ತಿದ್ದ. ಎಡಗೈಯ ಐದು ಬೆರಳೂ ಚೆನ್ನಾಗಿ ಆಡುತ್ತಿದ್ದವು.

ಗಿರಣಿಯವನು ಬಾಗಿಲಲ್ಲೇ ನಿಂತ. ತಾನು ಬಂದದ್ದು ಯಾಕೆ ಎಂಬುದೇ ಅವನಿಗೆ ಮರೆಯಿತು. “ನಿಮ್ಮ ಎಡಗೈ…” ಎಂದ.

“ಯಾಕ್ರಿ, ಏನಾಗೇತಿ ಅದಕ್ಕ?” ಎಂದು ಮಿಸ್ತ್ರಿ ಗಂಟು ಹಾಕಿದ. ಆಮೇಲೆ ಅರ್ಥವಾಗಿ ಸಣ್ಣಗೆ ನಕ್ಕ. “ಓ, ಕೆಲಸಾ ಮಾಡೂಮುಂದ ನೋಡೀರಿ ನೀವು. ಕರೆಂಟ ಇದ್ದ ಪೆಟಿಗ್ಯಾಗ ಎರಡೂ ಕೈ ಇಡಬಾರದ್ರಿ. ಎರಡ ಕೈ ಇಟ್ರ ಅದು ಈ ಕೈಯಿಂದ ಆ ಕೈಗೆ ಎದಿ ದಾಟಿ ಹೋಕ್ಕೈತಿ. ನಮ್ಮ ಉಸ್ತಾದ ಹಂಗ ನನ್ನ ಕಣ್ಣ ಮುಂದನ ಹ್ವಾದ. ಅವತ್ತಿಂದ ನಾ ಅಂಜತೀನಿ. ನಲವತ್ತೈದ ವರ್ಷಾತು, ಒಂದ ದಿನಾನೂ ಅಂಜಿಕಿ ಬಿಟ್ಟಿಲ್ಲ. ಪೆಟಿಗಿ ಮುಂದ ನಿಂತ ಕೂಡ್ಲೆ ಎಡಗೈ ತಾನ ಹಿಂದ ಹೋಕ್ಕೈತಿ.”

“ನಾನೂ ಅಂಜತಿದ್ದೆ,” ಎಂದ ಗಿರಣಿಯವನು. ದನಿ ಅವನಿಗೇ ಸರಿಯಾಗಿ ಕೇಳಲಿಲ್ಲ.

“ಗೊತ್ತೈತ್ರಿ,” ಎಂದ ಮಿಸ್ತ್ರಿ.

ಗಿರಣಿಯವನು ಹಣದ ಗಂಟನ್ನು ಹೊರಗೆ ತೆಗೆದ. ಮಿಸ್ತ್ರಿ ಅದನ್ನು ನೋಡಿ, ತಲೆ ಅಲ್ಲಾಡಿಸಿ, ಗೋಣಿತಟ್ಟಿನ ಗಂಟಿನ ಮೇಲೆ ಕೈಯಿಟ್ಟ. ಹಬ್ಬ ಹತ್ತಿರ ಬಂತು, ಇನ್ನು ಕಾಯಲಾಗದು ಎಂದು ನಿನ್ನೆ ವಾದ್ಯವೃಂದದ ಮಾಲಕ ಬಂದಿದ್ದನಂತೆ, ಜೊತೆಗೆ ನವಲಗುಂದದ ಕಡೆಯ ಒಬ್ಬ ಗಿಟಾರಿನವನು. ಆ ಮನುಷ್ಯ ಬಂದವನೇ ಗುಬ್ಬಿಯನ್ನು ಪೂರಾ ತಿರುಗಿಸಿದ, ಮೊದಲ ಏಟಿಗೇ ತಪ್ಪು ಬಾರಿಸಿದ, ಗಲ್ಲಿಯ ತುಂಬ ಕೇಳಿಸಿತು. ನಕ್ಕು ಮತ್ತೆ ಬಾರಿಸಿದ. ಕಾಲು ಗಂಟೆಯಲ್ಲಿ ವ್ಯಾಪಾರ ಮುಗಿಯಿತು. ದೊಡ್ಡದನ್ನು ಭಜನಾಮಂಡಳಿಯವರು ಒಯ್ದಿದ್ದರು. ಗಿರಣಿಯವನು ಇವತ್ತು ಶನಿವಾರ ಎಂದ. ಹೌದು, ಶನಿವಾರ ಎಂದು ಮಿಸ್ತ್ರಿಯೂ ಹೇಳಿದ. ನೀವು ಎಂಟು ವಾರ ಬಂದಿರಲ್ಲ, ಒಂದು ದಿನವಾದರೂ ನನಗೆ ಬೇಕು ಎಂಬ ಮಾತು ನಿಮ್ಮ ಬಾಯಿಂದ ಬಂದಿದ್ದರೆ ತೆಗೆದಿಡುತ್ತಿದ್ದೆ ಎಂದ. ಗದರಿಸಿ ಹೇಳಲಿಲ್ಲ, ನೊಂದುಕೊಂಡೇ ಹೇಳಿದ.

ಗಿರಣಿಯವನು ಹಣದ ಗಂಟನ್ನು ಮತ್ತೆ ಬನಿಯನ್ನಿನ ಕಿಸೆಯಲ್ಲಿ ಇಟ್ಟುಕೊಂಡ. ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಗಿರಣಿಗೆ ಮರಳುವಾಗ ದೂರದಿಂದಲೇ ಅದರ ಸದ್ದು ಕೇಳಿಸಿತು. ಕರೆಂಟು ಬಂದಿತ್ತು.

ಮಾಸ್ತರರು ಕತೆ ನಿಲ್ಲಿಸಿದರು.

ಕತೆ ಮುಗಿಯಿತು ಎಂದು ದಾನೇಶ್ವರಿಯ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಪೆಟ್ಟಿಗೆ ಎಲ್ಲಿಯಾದರೂ ಇದ್ದೀತು, ಮಾಲಕ ಮನಸ್ಸು ಬದಲಿಸಿಯಾನು ಎಂದು ಅವಳು ಕಾಯುತ್ತಿದ್ದಳು. ಕೊನೆಗೆ ಅವಳೇ ಕೇಳಿದಳು.

“ಇಬ್ಬರೂ ಅಂಜಿದ್ರಲ್ರಿ, ಗುರುಗಳ. ಮಿಸ್ತ್ರಿ ಅಂಜಿಕೋತನ ನಲವತ್ತೈದ ವರ್ಷ ಕೆಲಸಾ ಮಾಡಿದ. ಇಂವಗ ಒಂದ ಗುಬ್ಬಿ ತಿರವಾಕ ಯಾಕ ಆಗಲಿಲ್ಲ?”

ಮಾಸ್ತರರು ಅವಳ ಮಡಿಲನ್ನು ನೋಡಿದರು. ಅವಳ ಎರಡೂ ಕೈಗಳು ಓಢಣಿಯೊಳಗೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಅಡಗಿದ್ದವು.

“ಮಿಸ್ತ್ರಿ ಅಂಜಿಕಿಗೆ ಒಂದ ಕೈ ಕೊಟ್ಟಿದ್ದ, ತಂಗಿ.”

ದಾನೇಶ್ವರಿ ಓಢಣಿಯೊಳಗಿಂದ ಬಲಗೈಯನ್ನು ಹೊರಗೆ ತೆಗೆದಳು.